ಸೆಮಿಕಂಡಕ್ಟರ್ ಮತ್ತು ಡಯೋಡ್: ಪದೇ ಪದೇ ಕೇಳುವ ಪ್ರಶ್ನೆಗಳು

"ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ" ಎಂಬ ಸಾಲು ಎಲ್ಲರಿಗೂ ಬಾಯಿಪಾಠ. ಸಾಲು ಸರಿಯೇ. ಆದರೆ ಡಯೋಡ್ ಮೇಲೆ ಕಾಣುವ 0.7 ವೋಲ್ಟ್ ಎಲ್ಲಿಂದ ಬಂತು, ಎಲ್‌ಇಡಿಗೆ ರೆಸಿಸ್ಟರ್ ಯಾಕೆ ಬೇಕು, ಸೋಲಾರ್ ಸೆಲ್ ಕೂಡ ಡಯೋಡ್ ಹೇಗಾಯಿತು ಅಂತ ಕೇಳಿದರೆ ಆ ಸಾಲು ಕೈಕೊಡುತ್ತದೆ. ಇವೆಲ್ಲಕ್ಕೂ ಉತ್ತರ ಇರುವುದು ಒಂದೇ ಜಾಗದಲ್ಲಿ. ಪಿ ಭಾಗವೂ ಎನ್ ಭಾಗವೂ ಸೇರುವ ಜಂಕ್ಷನ್‌ನಲ್ಲಿ. ಹಾಗಾಗಿ ಇಲ್ಲಿ ಜಂಕ್ಷನ್ ಬಗ್ಗೆಯೇ ಜಾಸ್ತಿ ಬರೆದಿದ್ದೇನೆ. ಗಣಿತ ಅಷ್ಟೇನೂ ಬೇಕಿಲ್ಲ, ನಿಧಾನವಾಗಿ ಓದಿ.

ಸೆಮಿಕಂಡಕ್ಟರ್ ಅಂದರೇನು? ತಾಮ್ರಕ್ಕೂ ಅದಕ್ಕೂ ಏನು ವ್ಯತ್ಯಾಸ?

ಕರೆಂಟ್ ಹರಿಯಬೇಕಾದರೆ ಓಡಾಡುವ ಎಲೆಕ್ಟ್ರಾನ್‌ಗಳು ಬೇಕು. ತಾಮ್ರದಲ್ಲಿ ಪ್ರತಿ ಪರಮಾಣುವೂ ಸುಮಾರು ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟಿರುತ್ತದೆ. ಅದಕ್ಕೇ ಅದು ಒಳ್ಳೆಯ ವಾಹಕ. ಸಿಲಿಕಾನ್ ಹಾಗಲ್ಲ. ಅದರ ಹೊರ ಕವಚದಲ್ಲಿ 4 ಎಲೆಕ್ಟ್ರಾನ್‌ಗಳಿವೆ. ನಾಲ್ಕೂ ಅಕ್ಕಪಕ್ಕದ ನಾಲ್ಕು ಪರಮಾಣುಗಳ ಜೊತೆ ಬಂಧದಲ್ಲಿ ಸಿಕ್ಕಿಕೊಂಡಿರುತ್ತವೆ. ತೀರಾ ತಣ್ಣಗಿದ್ದಾಗ ಓಡಾಡಲು ಯಾವುದೂ ಬಿಡುವಾಗಿರುವುದಿಲ್ಲ, ಸಿಲಿಕಾನ್ ಅವಾಹಕದಂತೆಯೇ ಇರುತ್ತದೆ.

ಕೋಣೆಯ ಉಷ್ಣತೆಯಲ್ಲಿ ಪರಮಾಣುಗಳು ಅಲುಗಾಡುತ್ತಿರುತ್ತವೆ. ಆ ಶಕ್ತಿಯಿಂದ ಅಲ್ಲೊಂದು ಇಲ್ಲೊಂದು ಬಂಧ ಬಿಚ್ಚಿಕೊಂಡು ಎಲೆಕ್ಟ್ರಾನ್ ಹೊರಬರುತ್ತದೆ. ಎಷ್ಟು ಅಪರೂಪಕ್ಕೆ ಗೊತ್ತಾ? ಶುದ್ಧ ಸಿಲಿಕಾನ್‌ನಲ್ಲಿ ಸುಮಾರು 5 ಲಕ್ಷ ಕೋಟಿ ಪರಮಾಣುಗಳಿಗೆ ಒಂದು ಬಿಡಿ ಎಲೆಕ್ಟ್ರಾನ್. ಇಷ್ಟು ಕಡಿಮೆ ಇರುವುದೇ ನಮಗೆ ಅನುಕೂಲ. ಇರುವುದು ಕಡಿಮೆಯಾದ್ದರಿಂದ, ಚೂರು ಕೈಯಾಡಿಸಿದರೂ ಲಕ್ಷಗಟ್ಟಲೆ ಪಟ್ಟು ಬದಲಾವಣೆ ತರಬಹುದು. ತಾಮ್ರದಲ್ಲಿ ಈ ಆಟ ನಡೆಯುವುದಿಲ್ಲ.

ಬ್ಯಾಂಡ್ ಗ್ಯಾಪ್ ಅಂತಾರಲ್ಲ, ಅದೇನು?

ಬಂಧದಲ್ಲಿರುವ ಎಲೆಕ್ಟ್ರಾನನ್ನು ಬಿಡಿಸಿ ಓಡಾಡುವಂತೆ ಮಾಡಲು ಬೇಕಾದ ಕನಿಷ್ಠ ಶಕ್ತಿ. ಇದನ್ನು ಎಲೆಕ್ಟ್ರಾನ್‌ವೋಲ್ಟ್‌ಗಳಲ್ಲಿ ಅಳೆಯುತ್ತಾರೆ. ಜರ್ಮೇನಿಯಂಗೆ 0.66, ಸಿಲಿಕಾನ್‌ಗೆ 1.12, ಗ್ಯಾಲಿಯಂ ಆರ್ಸೆನೈಡ್‌ಗೆ 1.42, ಗ್ಯಾಲಿಯಂ ನೈಟ್ರೈಡ್‌ಗೆ 3.4. ವಜ್ರಕ್ಕೆ ಸುಮಾರು 5.5, ಹಾಗಾಗಿ ಅದು ಒಳ್ಳೆಯ ಅವಾಹಕ. ಕೋಣೆಯ ಉಷ್ಣತೆ ಕೊಡುವ ಶಕ್ತಿ ಸರಾಸರಿ 0.026 ಎಲೆಕ್ಟ್ರಾನ್‌ವೋಲ್ಟ್ ಆಸುಪಾಸು ಅಷ್ಟೇ. ಈ 0.026 ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಬಿಸಿಯಾದರೆ ಸೆಮಿಕಂಡಕ್ಟರ್‌ನಲ್ಲಿ ಕರೆಂಟ್ ಸುಲಭವಾಗಿ ಹರಿಯುತ್ತದಂತೆ, ನಿಜವಾ?

ಶುದ್ಧ ಸೆಮಿಕಂಡಕ್ಟರ್‌ನ ಮಟ್ಟಿಗೆ ನಿಜ. ಲೋಹ ಬಿಸಿಯಾದರೆ ರೆಸಿಸ್ಟೆನ್ಸ್ ಏರುತ್ತದೆ, ಇಲ್ಲಿ ಇಳಿಯುತ್ತದೆ. ಬಿಸಿ ಏರಿದಂತೆ ಹೆಚ್ಚು ಬಂಧಗಳು ಬಿಚ್ಚಿಕೊಂಡು ಹೆಚ್ಚು ಎಲೆಕ್ಟ್ರಾನ್‌ಗಳು ಸಿಗುತ್ತವೆ. ಸಿಲ್ವರ್ ಸಲ್ಫೈಡ್‌ನಲ್ಲಿ ಮೈಕೆಲ್ ಫ್ಯಾರಡೆ ಇದನ್ನು 1833ರಲ್ಲೇ ಗಮನಿಸಿದ್ದರು. ಆಗ ಎಲೆಕ್ಟ್ರಾನ್ ಅನ್ನುವುದೊಂದು ಇದೆ ಅಂತಲೇ ಯಾರಿಗೂ ಗೊತ್ತಿರಲಿಲ್ಲ!

ಹೋಲ್ ಅನ್ನುವುದು ನಿಜವಾದ ಕಣವಾ?

ಬಂಧದಿಂದ ಎಲೆಕ್ಟ್ರಾನ್ ಹೊರಟುಹೋದರೆ ಅಲ್ಲೊಂದು ಜಾಗ ಖಾಲಿ ಬೀಳುತ್ತದೆ. ಅದೇ ಹೋಲ್. ಪಕ್ಕದ ಬಂಧದ ಎಲೆಕ್ಟ್ರಾನ್ ಆ ಜಾಗಕ್ಕೆ ಬಂದರೆ, ಖಾಲಿ ಜಾಗ ಪಕ್ಕಕ್ಕೆ ಹೋದಂತಾಯಿತು. ಅಂಕಿಗಳನ್ನು ಜರುಗಿಸಿ ಸಾಲಾಗಿ ಜೋಡಿಸುವ ಚೌಕದ ಆಟ ನೋಡಿದ್ದೀರಲ್ಲ, ಅದರಲ್ಲಿ ಜರುಗುವುದು ಬಿಲ್ಲೆಗಳೇ. ಆದರೆ ನಮ್ಮ ಕಣ್ಣು ಹಿಂಬಾಲಿಸುವುದು ಖಾಲಿ ಮನೆಯನ್ನು, ಲೆಕ್ಕ ಹಾಕುವುದೂ ಅದು ಎಲ್ಲಿಗೆ ಹೋಗುತ್ತದೆ ಅಂತಲೇ.

ಹಾಗಂತ ಇದು ಬರೀ ಕಾಗದದ ಮೇಲಿನ ಅನುಕೂಲ ಅಂದುಕೊಳ್ಳಬೇಡಿ. ಪಿ-ಟೈಪ್ ತುಂಡನ್ನು, ಅಂದರೆ ಹೋಲ್‌ಗಳೇ ಜಾಸ್ತಿ ಇರುವ ತುಂಡನ್ನು, ಅಯಸ್ಕಾಂತ ಕ್ಷೇತ್ರದಲ್ಲಿಟ್ಟು ಕರೆಂಟ್ ಹರಿಸಿದರೆ, ಪಕ್ಕಕ್ಕೆ ಹುಟ್ಟುವ ವೋಲ್ಟೇಜ್‌ನ ಚಿಹ್ನೆ ಪಾಸಿಟಿವ್ ಕಣಗಳು ಓಡುತ್ತಿದ್ದರೆ ಹೇಗಿರಬೇಕೋ ಹಾಗೇ ಇರುತ್ತದೆ. ಇದಕ್ಕೆ ಹಾಲ್ ಪರಿಣಾಮ ಅನ್ನುತ್ತಾರೆ. ಸಿಲಿಕಾನ್‌ನಲ್ಲಿ ಹೋಲ್‌ಗಳು ಎಲೆಕ್ಟ್ರಾನ್‌ಗಳಿಗಿಂತ ಸುಮಾರು ಮೂರು ಪಟ್ಟು ನಿಧಾನ.

ಡೋಪಿಂಗ್ ಯಾಕೆ ಮಾಡುತ್ತಾರೆ? ಮೊದಲು ಅಷ್ಟೊಂದು ಶುದ್ಧ ಮಾಡಿ, ಆಮೇಲೆ ಬೇರೇನೋ ಬೆರೆಸುವುದು ಯಾಕೆ?

ತುಂಬಾ ಜನ ಕೇಳುವ ಪ್ರಶ್ನೆ, ಕೇಳಬೇಕಾದದ್ದೂ ಹೌದು. ಸಿಲಿಕಾನ್ ಪರಮಾಣುಗಳ ನಡುವೆ ಒಂದು ಫಾಸ್ಫರಸ್ ಪರಮಾಣು ಕೂರಿಸಿ. ಅದಕ್ಕೆ ಹೊರ ಎಲೆಕ್ಟ್ರಾನ್‌ಗಳು 5. ನಾಲ್ಕು ಬಂಧಕ್ಕೆ ಹೋದವು, ಒಂದು ಉಳಿಯಿತು. ಅದನ್ನು ಬಿಡಿಸಲು 0.05 ಎಲೆಕ್ಟ್ರಾನ್‌ವೋಲ್ಟ್‌ನಷ್ಟು ಸಾಕು, ಹಾಗಾಗಿ ಕೋಣೆಯ ಉಷ್ಣತೆಯಲ್ಲೇ ಅದು ಓಡಾಡಲು ಶುರು ಮಾಡುತ್ತದೆ. ಇದು ಎನ್-ಟೈಪ್. ಫಾಸ್ಫರಸ್ ಬದಲು 3 ಹೊರ ಎಲೆಕ್ಟ್ರಾನ್‌ಗಳ ಬೋರಾನ್ ಹಾಕಿದರೆ ಒಂದು ಬಂಧ ಅರ್ಧಕ್ಕೇ ಉಳಿದು ಹೋಲ್ ಸಿಗುತ್ತದೆ. ಅದು ಪಿ-ಟೈಪ್.

ಈಗ ಲೆಕ್ಕ ನೋಡಿ. ಒಂದು ಕೋಟಿ ಸಿಲಿಕಾನ್ ಪರಮಾಣುಗಳಿಗೆ ಒಂದೇ ಒಂದು ಫಾಸ್ಫರಸ್ ಸೇರಿಸಿದರೂ ಬಿಡಿ ಎಲೆಕ್ಟ್ರಾನ್‌ಗಳು ಮೊದಲಿಗಿಂತ ಸುಮಾರು 5 ಲಕ್ಷ ಪಟ್ಟು ಆಗುತ್ತವೆ. ಅಂದರೆ ಕೋಟಿಗೆ ಒಂದರಷ್ಟು ಬೆರಕೆ ಇಡೀ ತುಂಡಿನ ಸ್ವಭಾವವನ್ನೇ ಬದಲಿಸುತ್ತದೆ. ಬೇಡದ ಬೆರಕೆಯೂ ಅಷ್ಟೇ ಬದಲಿಸುತ್ತದೆ ಅಲ್ವಾ? ಅದಕ್ಕೇ ಮೊದಲು 99.9999999 ಶೇಕಡಾ ಅಥವಾ ಅದಕ್ಕೂ ಮೇಲೆ ಶುದ್ಧ ಮಾಡುತ್ತಾರೆ. ಆಮೇಲೆ ನಮಗೆ ಬೇಕಾದದ್ದನ್ನು, ಬೇಕಾದಷ್ಟೇ, ಬೇಕಾದ ಕಡೆ ಸೇರಿಸುತ್ತಾರೆ.

ಹಾಗಾದರೆ ಎನ್-ಟೈಪ್ ತುಂಡಿಗೆ ನೆಗೆಟಿವ್ ಚಾರ್ಜ್ ಇರುತ್ತದಾ?

ಇಲ್ಲ. ಫಾಸ್ಫರಸ್ ಬಂದಾಗ ಒಂದು ಎಲೆಕ್ಟ್ರಾನ್ ಜೊತೆಗೆ ತನ್ನ ನ್ಯೂಕ್ಲಿಯಸ್‌ನಲ್ಲಿ ಒಂದು ಪ್ರೋಟಾನನ್ನೂ ಜಾಸ್ತಿ ತಂದಿದೆ. ಒಟ್ಟು ಲೆಕ್ಕ ಸೊನ್ನೆ. ಪಿ-ಟೈಪ್‌ಗೂ ಇದೇ ಮಾತು. ವ್ಯತ್ಯಾಸ ಇಷ್ಟೇ: ಎಲೆಕ್ಟ್ರಾನ್ ಓಡಾಡಬಲ್ಲದು, ಫಾಸ್ಫರಸ್ ಪರಮಾಣು ತನ್ನ ಜಾಗ ಬಿಟ್ಟು ಕದಲುವುದಿಲ್ಲ. ಡಯೋಡ್ ಕೆಲಸ ಮಾಡುವುದೇ ಈ ವ್ಯತ್ಯಾಸದಿಂದ.

ಒಂದು ಪಿ ತುಂಡನ್ನೂ ಒಂದು ಎನ್ ತುಂಡನ್ನೂ ಒತ್ತಿ ಹಿಡಿದರೆ ಡಯೋಡ್ ಆಗುತ್ತದಾ?

ಸುಮ್ನೆ ಒತ್ತಿ ಹಿಡಿದರೆ ಆಗುವುದಿಲ್ಲ. ಎಷ್ಟೇ ನುಣುಪು ಮಾಡಿದರೂ ಮೇಲ್ಮೈ ಪರಮಾಣುಗಳ ಅಳತೆಯಲ್ಲಿ ಒರಟಾಗಿರುತ್ತದೆ, ಮೇಲೆ ಆಕ್ಸೈಡ್ ಪದರವೂ ಇರುತ್ತದೆ. ಹರಳು ಎಲ್ಲೂ ಮುರಿಯದೆ ಮುಂದುವರಿಯಬೇಕು. ಒಂದೇ ಹರಳಿನ ಒಂದು ಬದಿಗೆ ಒಂದು ಬೆರಕೆ, ಇನ್ನೊಂದು ಬದಿಗೆ ಇನ್ನೊಂದು ಬೆರಕೆ.

ಪಿ-ಎನ್ ಜಂಕ್ಷನ್ ಮೊದಲು ಸಿಕ್ಕಿದ್ದೂ ಹೀಗೇ ಒಂದೇ ತುಂಡಿನಲ್ಲಿ. 1940ರಲ್ಲಿ ಬೆಲ್ ಲ್ಯಾಬ್ಸ್‌ನ ರಸೆಲ್ ಓಲ್ ನಡುವೆ ಬಿರುಕಿದ್ದ ಒಂದು ಸಿಲಿಕಾನ್ ತುಂಡನ್ನು ಪರೀಕ್ಷಿಸುತ್ತಿದ್ದರು. ಅದರ ಮೇಲೆ ಬೆಳಕು ಬಿದ್ದಾಗ ವೋಲ್ಟೇಜ್ ಹುಟ್ಟಿತು. ಬಿರುಕಿನ ಎರಡು ಬದಿಗಳಲ್ಲಿ ಬೆರಕೆ ಬೇರೆ ಬೇರೆಯಾಗಿತ್ತು ಅನ್ನುವುದು ಆಮೇಲೆ ತಿಳಿಯಿತು.

ಅದಕ್ಕೂ ಮುಂಚೆ ಡಯೋಡ್ ಇರಲಿಲ್ಲ ಅಂತಲ್ಲ. ಲೋಹದ ಮೊನೆಯನ್ನು ಹರಳಿಗೆ ತಾಗಿಸಿದರೆ ಕರೆಂಟ್ ಒಂದೇ ಕಡೆ ಚೆನ್ನಾಗಿ ಹರಿಯುತ್ತದೆ ಅಂತ ಫರ್ಡಿನಾಂಡ್ ಬ್ರೌನ್ 1874ರಲ್ಲೇ ತೋರಿಸಿದ್ದರು. ಜಗದೀಶ್ ಚಂದ್ರ ಬೋಸ್ ಅವರಿಗೆ ಗೆಲೀನಾ ಎಂಬ ಸೀಸದ ಅದಿರಿನ ಹರಳಿನ ಡಿಟೆಕ್ಟರ್‌ಗಾಗಿ 1904ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಕೆಲಸ ನಡೆಯುತ್ತಿತ್ತು, ಯಾಕೆ ನಡೆಯುತ್ತಿದೆ ಅನ್ನುವುದು ಗೊತ್ತಾಗಲು ದಶಕಗಳೇ ಬೇಕಾದವು.

ಜಂಕ್ಷನ್‌ನಲ್ಲಿ ನಿಜವಾಗಿ ಏನಾಗುತ್ತದೆ?

ಇದೊಂದನ್ನು ಮಾತ್ರ ಎರಡು ಸಲ ಓದಿ ಅಂತ ಕೇಳಿಕೊಳ್ಳುತ್ತೇನೆ.

ಎನ್ ಕಡೆ ಎಲೆಕ್ಟ್ರಾನ್‌ಗಳು ತುಂಬಿವೆ, ಪಿ ಕಡೆ ಹೋಲ್‌ಗಳು ತುಂಬಿವೆ. ಯಾವುದೇ ಕಣಗಳು ಒತ್ತೊತ್ತಾಗಿರುವ ಕಡೆಯಿಂದ ವಿರಳವಾಗಿರುವ ಕಡೆಗೆ ಹರಡುತ್ತವೆ. ಯಾರೂ ತಳ್ಳಬೇಕಿಲ್ಲ, ಅಡ್ಡಾದಿಡ್ಡಿ ಓಡಾಟವೇ ಸಾಕು. ಹಾಗಾಗಿ ಎನ್ ಕಡೆಯ ಎಲೆಕ್ಟ್ರಾನ್‌ಗಳು ಪಿ ಕಡೆಗೆ ಹೋಗಿ ಹೋಲ್‌ಗಳನ್ನು ತುಂಬುತ್ತವೆ. ಪಿ ಕಡೆಯ ಹೋಲ್‌ಗಳು ಎನ್ ಕಡೆಗೆ ಬರುತ್ತವೆ.

ಆದರೆ ಎಲೆಕ್ಟ್ರಾನ್ ಬಿಟ್ಟುಹೋದ ಫಾಸ್ಫರಸ್ ಪರಮಾಣು ಅಲ್ಲೇ ಉಳಿಯಿತು, ಈಗ ಅದು ಪಾಸಿಟಿವ್. ಎಲೆಕ್ಟ್ರಾನ್ ಪಡೆದ ಬೋರಾನ್ ಕೂಡ ಇದ್ದಲ್ಲೇ ಇದೆ, ಅದು ನೆಗೆಟಿವ್. ಗಡಿಯ ಒಂದು ಬದಿಗೆ ಪಾಸಿಟಿವ್ ಪದರ, ಇನ್ನೊಂದು ಬದಿಗೆ ನೆಗೆಟಿವ್ ಪದರ. ಇವುಗಳ ನಡುವೆ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ. ಅದು ಇನ್ನೂ ದಾಟಲು ಬರುವ ಎಲೆಕ್ಟ್ರಾನ್‌ಗಳನ್ನು ಎನ್ ಕಡೆಗೇ, ಹೋಲ್‌ಗಳನ್ನು ಪಿ ಕಡೆಗೇ ವಾಪಸ್ ತಳ್ಳುತ್ತದೆ. ಹರಡುವಿಕೆಯ ಒತ್ತಡವೂ ಕ್ಷೇತ್ರದ ತಳ್ಳಾಟವೂ ಸಮವಾದಾಗ ಒಟ್ಟು ಕರೆಂಟ್ ಸೊನ್ನೆಯಾಗುತ್ತದೆ. ಓಡಾಟ ನಿಂತಿರುವುದಿಲ್ಲ. ಆ ಕಡೆ ಹೋಗುವಷ್ಟೇ ಈ ಕಡೆ ಬರುತ್ತಿರುತ್ತವೆ.

ಓಡಾಡುವ ಕಣಗಳು ಹೆಚ್ಚುಕಡಿಮೆ ಖಾಲಿಯಾದ ಈ ಪಟ್ಟಿಗೆ ಡಿಪ್ಲೀಷನ್ ಪದರ ಅಂತ ಹೆಸರು. ಅಗಲ ಸಾಮಾನ್ಯವಾಗಿ ಒಂದು ಮೈಕ್ರೋಮೀಟರ್‌ನ ಆಸುಪಾಸು. ಅದರ ಅಡ್ಡಕ್ಕೆ ಸಿಲಿಕಾನ್‌ನಲ್ಲಿ 0.7 ವೋಲ್ಟ್ ಸುಮಾರಿನ ತಡೆ ಇರುತ್ತದೆ. 0.7 ವೋಲ್ಟ್ ಚಿಕ್ಕದು ಅನ್ನಿಸಬಹುದು. ಆದರೆ ಅಷ್ಟು ತೆಳು ಜಾಗದಲ್ಲಿ ಅದು ಸೆಂಟಿಮೀಟರ್‌ಗೆ ಸಾವಿರಾರು ವೋಲ್ಟ್‌ಗಳ ಕ್ಷೇತ್ರವಾಗುತ್ತದೆ.

ಡಯೋಡ್ ಒಳಗೆ 0.7 ವೋಲ್ಟ್ ಇದ್ದರೆ ಮಲ್ಟಿಮೀಟರ್‌ನಲ್ಲಿ ಯಾಕೆ ಕಾಣುವುದಿಲ್ಲ?

ಮೀಟರ್‌ನ ಲೋಹದ ತಂತಿ ಎರಡೂ ತುದಿಗೆ ಸೇರುವ ಕಡೆಯೂ ಇಂಥದ್ದೇ ಸಂಪರ್ಕ ವೋಲ್ಟೇಜ್‌ಗಳಿರುತ್ತವೆ. ಪೂರ್ತಿ ಸುತ್ತು ಕೂಡಿದರೆ ಸೊನ್ನೆ. ಕಾಣುವಂತಿದ್ದರೆ ಡಯೋಡ್‌ನಿಂದ ಪುಕ್ಕಟೆ ಕರೆಂಟ್ ತೆಗೆಯಬಹುದಿತ್ತು, ಅದು ಸಾಧ್ಯವಿಲ್ಲದ ಮಾತು.

ಫಾರ್ವರ್ಡ್ ಬಯಾಸ್ ಕೊಟ್ಟಾಗ ಕರೆಂಟ್ ಹೇಗೆ ಹರಿಯುತ್ತದೆ? 0.7 ವೋಲ್ಟ್ ಎಲ್ಲಿಂದ ಬರುತ್ತದೆ?

ಬ್ಯಾಟರಿಯ ಪ್ಲಸ್ ಅನ್ನು ಪಿ ಕಡೆಗೆ, ಅಂದರೆ ಆನೋಡ್‌ಗೆ, ಮೈನಸ್ ಅನ್ನು ಎನ್ ಕಡೆಗೆ, ಅಂದರೆ ಕ್ಯಾಥೋಡ್‌ಗೆ ಕೊಡಿ. ಹೊರಗಿನ ವೋಲ್ಟೇಜ್ ಒಳಗಿನ ತಡೆಯನ್ನು ತಗ್ಗಿಸುತ್ತದೆ. ಸಮತೂಕ ತಪ್ಪುತ್ತದೆ. ಇಷ್ಟು ಹೊತ್ತು ವಾಪಸ್ ಬೀಳುತ್ತಿದ್ದ ಎಲೆಕ್ಟ್ರಾನ್‌ಗಳು ಈಗ ದಾಟತೊಡಗುತ್ತವೆ.

ಎಲ್ಲ ಎಲೆಕ್ಟ್ರಾನ್‌ಗಳಿಗೂ ಒಂದೇ ಶಕ್ತಿ ಇರುವುದಿಲ್ಲ. ಕಡಿಮೆ ಶಕ್ತಿಯವು ಬಹಳ, ಜಾಸ್ತಿ ಶಕ್ತಿಯವು ಬೆರಳೆಣಿಕೆ. ತಡೆ ಎತ್ತರವಿದ್ದಾಗ ಆ ಬೆರಳೆಣಿಕೆಯವು ಮಾತ್ರ ದಾಟುತ್ತವೆ. ತಡೆ ಚೂರು ತಗ್ಗಿದರೂ ದಾಟಬಲ್ಲವರ ಸಂಖ್ಯೆ ಹಲವು ಪಟ್ಟು ಏರುತ್ತದೆ. ಎಷ್ಟು ಪಟ್ಟು ಅನ್ನುವುದನ್ನು ತೀರ್ಮಾನಿಸುವುದು ಮೇಲೆ ಹೇಳಿದ 0.026. ಆದರ್ಶ ಡಯೋಡ್‌ನಲ್ಲಿ, ಕೋಣೆಯ ಉಷ್ಣತೆಯಲ್ಲಿ, ವೋಲ್ಟೇಜ್ 60 ಮಿಲಿವೋಲ್ಟ್ ಏರಿದರೆ ಕರೆಂಟ್ ಹತ್ತು ಪಟ್ಟಾಗುತ್ತದೆ.

ಒಂದು ಉದಾಹರಣೆ. 0.60 ವೋಲ್ಟ್‌ನಲ್ಲಿ 1 ಮಿಲಿಆಂಪಿಯರ್ ಹರಿಯುತ್ತಿದೆ ಅಂದುಕೊಳ್ಳಿ. 0.66ಕ್ಕೆ 10 ಮಿಲಿಆಂಪಿಯರ್. 0.72ಕ್ಕೆ 100. ಕರೆಂಟ್ ನೂರು ಪಟ್ಟು ಏರಿದರೂ ವೋಲ್ಟೇಜ್ ಏರಿದ್ದು 0.12 ಮಾತ್ರ. ಅದಕ್ಕೇ ನಾವು ಮಾಮೂಲಿಯಾಗಿ ಬಳಸುವ ಕರೆಂಟ್‌ಗಳಿಗೆಲ್ಲ ಡಯೋಡ್ ಮೇಲೆ 0.6ರಿಂದ 0.7 ವೋಲ್ಟ್ ಕಾಣುತ್ತದೆ. "0.7 ಆದ ಕೂಡಲೇ ಆನ್ ಆಗುತ್ತದೆ" ಅನ್ನುವುದು ಲೆಕ್ಕಕ್ಕೆ ಅನುಕೂಲ, ಆದರೆ ಅಂಥ ಒಂದು ನಿಖರ ಗೆರೆ ಇಲ್ಲ. 0.3 ವೋಲ್ಟ್‌ನಲ್ಲೂ ಕರೆಂಟ್ ಹರಿಯುತ್ತಿರುತ್ತದೆ, ತೀರಾ ಸಣ್ಣದು ಅಷ್ಟೇ. ಈ ಒಂದು ವಿಷಯವನ್ನು ಪಾಠ ಹೇಳುವವರು ಮೊದಲ ದಿನವೇ ಹೇಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ಸಂಗತಿ: ಕರೆಂಟ್ ಅಷ್ಟೇ ಇಟ್ಟು ಬಿಸಿ ಏರಿಸಿದರೆ ಈ ವೋಲ್ಟೇಜ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಚಿಪ್‌ಗಳ ಒಳಗೆ ಉಷ್ಣತೆ ಅಳೆಯಲು ಇದನ್ನೇ ಬಳಸುತ್ತಾರೆ.

ರಿವರ್ಸ್ ಕೊಟ್ಟರೆ ಪೂರ್ತಿ ನಿಂತುಹೋಗುತ್ತದಾ?

ಪೂರ್ತಿ ಅಲ್ಲ. ಪ್ಲಸ್ ಎನ್ ಕಡೆಗೆ ಹೋದರೆ ತಡೆ ಏರುತ್ತದೆ, ಡಿಪ್ಲೀಷನ್ ಪದರ ಅಗಲವಾಗುತ್ತದೆ, ಹರಡಿ ದಾಟುವುದು ನಿಂತೇಹೋಗುತ್ತದೆ. ಆದರೆ ಉಷ್ಣದಿಂದ ಆಗಾಗ ಹೊಸ ಎಲೆಕ್ಟ್ರಾನ್-ಹೋಲ್ ಜೋಡಿಗಳು ಹುಟ್ಟುತ್ತಿರುತ್ತವೆ. ಕ್ಷೇತ್ರ ಅವನ್ನು ಎಳೆದು ಆಚೆಗೆ ಹಾಕುತ್ತದೆ. ಅದೇ ಸೋರಿಕೆ ಕರೆಂಟ್. ಚಿಕ್ಕ ಸಿಲಿಕಾನ್ ಡಯೋಡ್‌ನಲ್ಲಿ ಇದು ನ್ಯಾನೋಆಂಪಿಯರ್‌ಗಳ ಲೆಕ್ಕ. ಸುಮಾರು 10 ಡಿಗ್ರಿ ಬಿಸಿ ಏರಿದರೆ ದುಪ್ಪಟ್ಟಾಗುತ್ತದೆ.

ರಿವರ್ಸ್ ವೋಲ್ಟೇಜ್ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಕರೆಂಟ್ ಒಮ್ಮೆಲೇ ನುಗ್ಗುತ್ತದೆ. ಇದಕ್ಕೆ ಬ್ರೇಕ್‌ಡೌನ್ ಅನ್ನುತ್ತಾರೆ. ವೇಗವಾಗಿ ಓಡುವ ಎಲೆಕ್ಟ್ರಾನ್ ಬಂಧಕ್ಕೆ ಬಡಿದು ಇನ್ನೊಂದನ್ನು ಬಿಡಿಸುತ್ತದೆ, ಅವೆರಡೂ ಮತ್ತೆ ಬಡಿಯುತ್ತವೆ. ಇದು ಅವಲಾಂಚ್. ಬೆರಕೆ ತುಂಬಾ ಜಾಸ್ತಿಯಿದ್ದು ಪದರ ತೀರಾ ತೆಳುವಾಗಿದ್ದರೆ ಎಲೆಕ್ಟ್ರಾನ್‌ಗಳು ತಡೆಯನ್ನು ಹತ್ತದೆಯೇ ನೇರ ತೂರಿಹೋಗುತ್ತವೆ. ಅದು ಜೀನರ್ ಪರಿಣಾಮ. ಸುಮಾರು 5 ವೋಲ್ಟ್‌ಗಿಂತ ಕೆಳಗೇ ಬ್ರೇಕ್‌ಡೌನ್ ಆಗುವ ಜೀನರ್ ಡಯೋಡ್‌ಗಳಲ್ಲಿ ಈ ತೂರುವಿಕೆ ಮುಖ್ಯ, ಅದಕ್ಕಿಂತ ಮೇಲಿನವುಗಳಲ್ಲಿ ಅವಲಾಂಚ್. ಎರಡಕ್ಕೂ ಅಂಗಡಿಯ ಹೆಸರು ಜೀನರ್ ಎಂದೇ. ಕರೆಂಟನ್ನು ಹದ್ದುಬಸ್ತಿನಲ್ಲಿಟ್ಟರೆ ಡಯೋಡ್ ಸುಡುವುದಿಲ್ಲ. ಸುಡುವುದು ಬಿಸಿಯಿಂದ, ಬ್ರೇಕ್‌ಡೌನ್ ಆದದ್ದಕ್ಕಲ್ಲ.

ಎಲ್‌ಇಡಿಗೆ ರೆಸಿಸ್ಟರ್ ಹಾಕಲೇಬೇಕಾ?

ವೋಲ್ಟೇಜ್ ಮೂಲದಿಂದ ನಡೆಸುವುದಾದರೆ ಹಾಕಲೇಬೇಕು. ಕಾರಣ ಮೇಲೆಯೇ ಇದೆ: ವೋಲ್ಟೇಜ್ ಚೂರು ಏರಿದರೂ ಕರೆಂಟ್ ವಿಪರೀತ ಏರುತ್ತದೆ. ಬಿಸಿಯಾದರೆ ಅದೇ ವೋಲ್ಟೇಜ್‌ಗೆ ಇನ್ನೂ ಏರುತ್ತದೆ. ಹಿಡಿದು ನಿಲ್ಲಿಸಲು ಏನಾದರೂ ಬೇಕು. 5 ವೋಲ್ಟ್ ಸಪ್ಲೈ, 2 ವೋಲ್ಟ್‌ನ ಕೆಂಪು ಎಲ್‌ಇಡಿ, 10 ಮಿಲಿಆಂಪಿಯರ್ ಬೇಕು ಅಂದರೆ ಉಳಿದ 3 ವೋಲ್ಟ್ ರೆಸಿಸ್ಟರ್ ಮೇಲೆ ಬೀಳಬೇಕು. 3 ಭಾಗಿಸು 0.01, ಅಂದರೆ 300 ಓಮ್. ಹತ್ತಿರದ 330 ಓಮ್ ಹಾಕಿ.

ಎಲ್‌ಇಡಿ ಬೆಳಗುತ್ತದೆ, ಮಾಮೂಲಿ ಡಯೋಡ್ ಯಾಕೆ ಬೆಳಗುವುದಿಲ್ಲ?

ದಾಟಿ ಬಂದ ಎಲೆಕ್ಟ್ರಾನ್ ಹೋಲ್‌ಗೆ ಬಿದ್ದಾಗ ಬ್ಯಾಂಡ್ ಗ್ಯಾಪ್‌ನಷ್ಟು ಶಕ್ತಿ ಹೊರಬರುತ್ತದೆ. ಸಿಲಿಕಾನ್ ಹರಳಿನ ರಚನೆಯಲ್ಲಿ ಆ ಶಕ್ತಿ ಬೆಳಕಾಗಬೇಕಾದರೆ ಹರಳಿನ ಕಂಪನವೂ ಅದೇ ಕ್ಷಣ ಜೊತೆಗೂಡಬೇಕು. ಅದು ಅಪರೂಪ, ಹೆಚ್ಚಿನದು ಬಿಸಿಯಾಗಿಯೇ ಹೋಗುತ್ತದೆ. ಗ್ಯಾಲಿಯಂ ಆರ್ಸೆನೈಡ್, ಗ್ಯಾಲಿಯಂ ನೈಟ್ರೈಡ್‌ನಂಥವುಗಳಲ್ಲಿ ನೇರವಾಗಿ ಬೆಳಕು ಬರುತ್ತದೆ. ಗ್ಯಾಪ್ ದೊಡ್ಡದಾದಷ್ಟೂ ಬಣ್ಣ ನೀಲಿಯತ್ತ, ಬೇಕಾಗುವ ವೋಲ್ಟೇಜ್ ಕೂಡ ಜಾಸ್ತಿ. ಕೆಂಪಿಗೆ 2 ವೋಲ್ಟ್ ಸಾಕಾದರೆ ನೀಲಿಗೆ 3ರ ಆಸುಪಾಸು ಬೇಕು.

ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ 1962ರಲ್ಲಿ ಮಾಡಿ ತೋರಿಸಿದರು. ಚೆನ್ನಾಗಿ ಬೆಳಗುವ ನೀಲಿಗೆ 1990ರ ದಶಕದವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೋ, ನಾಕಾಮುರಾ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಂತು. ಈಗಿನ ಬಿಳಿ ಎಲ್‌ಇಡಿಗಳಲ್ಲಿ ಹೆಚ್ಚಿನವು ನೀಲಿ ಎಲ್‌ಇಡಿಯ ಮೇಲೆ ಹಳದಿ ಬೆಳಕು ಕೊಡುವ ಫಾಸ್ಫರ್ ಹಚ್ಚಿದವೇ.

ಸೋಲಾರ್ ಸೆಲ್ ಡಯೋಡ್ ಹೇಗಾಗುತ್ತದೆ?

ಅದೇ ಜಂಕ್ಷನ್, ತಿರುಗಿಸಿದ ಕೆಲಸ. ಬೆಳಕು ಬಂಧ ಬಿಚ್ಚಿ ಎಲೆಕ್ಟ್ರಾನ್-ಹೋಲ್ ಜೋಡಿ ಹುಟ್ಟಿಸುತ್ತದೆ. ಒಳಗಿನ ಕ್ಷೇತ್ರ ಎಲೆಕ್ಟ್ರಾನನ್ನು ಎನ್ ಕಡೆಗೆ, ಹೋಲನ್ನು ಪಿ ಕಡೆಗೆ ಬೇರ್ಪಡಿಸುತ್ತದೆ. ಹೊರಗೆ ತಂತಿ ಕೊಟ್ಟರೆ ಕರೆಂಟ್. ಒಂದು ಸಿಲಿಕಾನ್ ಸೆಲ್‌ನಿಂದ ಸಿಗುವುದು ಸುಮಾರು 0.6 ವೋಲ್ಟ್, ಅದಕ್ಕೇ ಪ್ಯಾನೆಲ್‌ನಲ್ಲಿ ಹತ್ತಾರು ಸೆಲ್‌ಗಳು ಸರಣಿಯಲ್ಲಿರುತ್ತವೆ.

ಬ್ರಿಡ್ಜ್ ರೆಕ್ಟಿಫೈಯರ್‌ನಲ್ಲಿ 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕಿದರೂ ಕೆಪಾಸಿಟರ್ ಮೇಲೆ 15 ವೋಲ್ಟ್ ದಾಟುತ್ತದೆ, ಯಾಕೆ?

ಬ್ರಿಡ್ಜ್ ರೆಕ್ಟಿಫೈಯರ್ ಅಂದರೆ ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್‌ಗಳ ಜೋಡಣೆ. 12 ವೋಲ್ಟ್ ಅನ್ನುವುದು ಎಸಿಯ ಆರ್‌ಎಂಎಸ್ ಬೆಲೆ, ಅಂದರೆ ಏರಿಳಿಯುವ ಅಲೆಯ ಒಂದು ಬಗೆಯ ಸರಾಸರಿ. ಅಲೆಯ ತುದಿ ಅದರ 1.414 ಪಟ್ಟು, ಅಂದರೆ ಸುಮಾರು 17 ವೋಲ್ಟ್. ಬ್ರಿಡ್ಜ್‌ನ ನಾಲ್ಕು ಡಯೋಡ್‌ಗಳಲ್ಲಿ ಒಂದು ಹೊತ್ತಿಗೆ ಎರಡು ಸರಣಿಯಲ್ಲಿರುತ್ತವೆ, 1.4 ವೋಲ್ಟ್ ಅಲ್ಲಿ ಹೋಯಿತು. ಉಳಿದದ್ದು 15.6. ಒಂದೇ ಡಯೋಡ್ ಮತ್ತು ಕೆಪಾಸಿಟರ್ ಬಳಸುವುದಾದರೆ ಆ ಡಯೋಡ್‌ಗೆ ರಿವರ್ಸ್‌ನಲ್ಲಿ ತುದಿಯ ಎರಡರಷ್ಟು, 34 ವೋಲ್ಟ್, ಬೀಳುತ್ತದೆ. ರೇಟಿಂಗ್ ಆರಿಸುವಾಗ ಇದನ್ನು ಮರೆಯಬೇಡಿ.

1ಎನ್4007 ಎಲ್ಲ ಕಡೆಗೂ ನಡೆಯುತ್ತದಾ?

ಇದು ಅಂಗಡಿಯಲ್ಲಿ ಸಿಗುವ ಒಂದು ಮಾಮೂಲಿ ಡಯೋಡ್‌ನ ನಂಬರ್. 1 ಆಂಪಿಯರ್, 1000 ವೋಲ್ಟ್ ತಾಳುತ್ತದೆ. ಮೇನ್ಸ್ ಆವರ್ತನದ ರೆಕ್ಟಿಫೈಯರ್‌ಗೆ, ರಿಲೇ ಕಾಯಿಲ್‌ಗೆ ಅಡ್ಡಲಾಗಿ ಹಾಕಲು ಧಾರಾಳ ಸಾಕು. ವೇಗದ ಸರ್ಕ್ಯೂಟ್‌ಗಳಿಗೆ ಬೇಡ. ಫಾರ್ವರ್ಡ್‌ನಲ್ಲಿ ಜಂಕ್ಷನ್ ದಾಟಿದ ಕಣಗಳು ಅಲ್ಲೇ ತುಂಬಿಕೊಂಡಿರುತ್ತವೆ. ರಿವರ್ಸ್ ಕೊಟ್ಟರೆ ಅವು ಖಾಲಿಯಾಗುವವರೆಗೆ ಕರೆಂಟ್ ಹಿಂದಕ್ಕೆ ಹರಿಯುತ್ತದೆ. 1ಎನ್4007ಗೆ ಇದಕ್ಕೆ ಮೈಕ್ರೋಸೆಕೆಂಡ್‌ಗಳೇ ಬೇಕು, 1ಎನ್4148ಗೆ 4 ನ್ಯಾನೋಸೆಕೆಂಡ್ ಸಾಕು. ಸ್ವಿಚಿಂಗ್ ಸಪ್ಲೈಗೆ 1ಎನ್5819ನಂಥ ಶಾಟ್ಕಿ ಡಯೋಡ್ ಇನ್ನೂ ಒಳ್ಳೆಯದು. ಅದು ಲೋಹ ಮತ್ತು ಸೆಮಿಕಂಡಕ್ಟರ್ ಸೇರುವ ಜಂಕ್ಷನ್. ತುಂಬಿಕೊಳ್ಳುವ ತೊಂದರೆ ಹೆಚ್ಚುಕಡಿಮೆ ಇಲ್ಲ, ಫಾರ್ವರ್ಡ್ ವೋಲ್ಟೇಜ್ ಕೂಡ ಕಡಿಮೆ. ಬದಲಿಗೆ ಸೋರಿಕೆ ಜಾಸ್ತಿ, ತಾಳುವ ವೋಲ್ಟೇಜ್ 40 ಮಾತ್ರ.

ಡಯೋಡ್ ಸರಿಯಿದೆಯಾ ಅಂತ ಮಲ್ಟಿಮೀಟರ್‌ನಲ್ಲಿ ನೋಡುವುದು ಹೇಗೆ?

ಸರ್ಕ್ಯೂಟ್ ಆಫ್ ಮಾಡಿ, ಡಯೋಡ್‌ನ ಒಂದು ಕಾಲನ್ನು ಬಿಡಿಸಿ, ಮೀಟರನ್ನು ಡಯೋಡ್ ಮೋಡ್‌ಗೆ ಹಾಕಿ. ಪಟ್ಟಿ ಇರುವ ತುದಿ ಕ್ಯಾಥೋಡ್. ಕೆಂಪು ಕಡ್ಡಿ ಆನೋಡ್‌ಗೆ, ಕಪ್ಪು ಕ್ಯಾಥೋಡ್‌ಗೆ ಹಿಡಿದರೆ ಸಿಲಿಕಾನ್ ಡಯೋಡ್ 0.5ರಿಂದ 0.7 ತೋರಿಸಬೇಕು. ತಿರುಗಿಸಿ ಹಿಡಿದರೆ ಓಎಲ್ (ಅಳತೆ ಮೀರಿದೆ, ಅಂದರೆ ಕರೆಂಟ್ ಹರಿಯುತ್ತಿಲ್ಲ) ಬರಬೇಕು. ಎರಡೂ ಕಡೆ ಸೊನ್ನೆ ಹತ್ತಿರ ಬಂದರೆ ಶಾರ್ಟ್, ಎರಡೂ ಕಡೆ ಓಎಲ್ ಬಂದರೆ ಓಪನ್. ನೀಲಿ ಎಲ್‌ಇಡಿ ಕೆಲವು ಮೀಟರ್‌ಗಳಲ್ಲಿ ಏನೂ ತೋರಿಸದಿರಬಹುದು, ಮೀಟರ್ ಕೊಡುವ ವೋಲ್ಟೇಜ್ ಅದಕ್ಕೆ ಸಾಲದು.

ಎರಡು ಡಯೋಡ್‌ಗಳನ್ನು ಬೆನ್ನಿಗೆ ಬೆನ್ನು ಜೋಡಿಸಿದರೆ ಟ್ರಾನ್ಸಿಸ್ಟರ್ ಆಗುತ್ತದಾ?

ಚಿತ್ರದಲ್ಲಿ ಹಾಗೆ ಕಾಣುತ್ತದೆ, ಮೀಟರ್‌ನಲ್ಲೂ ಹಾಗೇ ಕಾಣುತ್ತದೆ, ಆದರೆ ಆಗುವುದಿಲ್ಲ. ಎನ್‌ಪಿಎನ್ ಟ್ರಾನ್ಸಿಸ್ಟರ್‌ನ ಎರಡು ಎನ್ ಪದರಗಳಲ್ಲಿ ಒಂದು ಎಮಿಟರ್, ಇನ್ನೊಂದು ಕಲೆಕ್ಟರ್. ನಡುವಿನ ಪಿ ಪದರ, ಅಂದರೆ ಬೇಸ್, ಬಹಳ ತೆಳು. ಎಮಿಟರ್‌ನಿಂದ ದಾಟಿ ಬಂದ ಎಲೆಕ್ಟ್ರಾನ್‌ಗಳಲ್ಲಿ ಹೆಚ್ಚಿನವು ಹೋಲ್‌ಗೆ ಬೀಳುವ ಮೊದಲೇ ಆಚೆ ಬದಿಯ ಜಂಕ್ಷನ್ ತಲುಪಿಬಿಡುತ್ತವೆ. ಅದು ರಿವರ್ಸ್ ಬಯಾಸ್‌ನಲ್ಲಿರುತ್ತದೆ. ಅಲ್ಲಿನ ಕ್ಷೇತ್ರ ಅವನ್ನು ಕಲೆಕ್ಟರ್‌ಗೆ ಎಳೆದುಕೊಳ್ಳುತ್ತದೆ. ಎರಡು ಬೇರೆ ಬೇರೆ ಡಯೋಡ್‌ಗಳಾದರೆ ನಡುವೆ ದಪ್ಪ ಪಿ ಭಾಗಗಳೂ ಲೋಹದ ತಂತಿಯೂ ಇರುತ್ತವೆ. ಮೊದಲ ಡಯೋಡ್ ದಾಟಿದ ಎಲೆಕ್ಟ್ರಾನ್‌ಗಳೆಲ್ಲ ಅಷ್ಟರೊಳಗೆ ಹೋಲ್‌ಗಳಲ್ಲಿ ಮುಗಿದುಹೋಗುತ್ತವೆ, ಎರಡನೆಯ ಜಂಕ್ಷನ್‌ಗೆ ಒಂದೂ ತಲುಪುವುದಿಲ್ಲ.